ಮೂರು ಮಹಡಿಯ ಜನ ಎರಡು ಮಹಡಿಗೆ: ಮಂಗಳೂರಿನ ಒಂದು ಕಚೇರಿ ಸ್ಥಳಾಂತರ ಸೇವೆಯ ವಿಮರ್ಶೆ

ಕೊಡಿಯಾಲ್‌ಬೈಲಿನಲ್ಲಿರುವ ನಮ್ಮ ಕಚೇರಿ ಒಂದೇ ಕಟ್ಟಡದ ಮೂರು, ನಾಲ್ಕು ಮತ್ತು ಐದನೆಯ ಮಹಡಿಗಳಲ್ಲಿ ಹರಡಿಕೊಂಡಿತ್ತು. ಐದನೆಯ ಮಹಡಿಯ ಬಾಡಿಗೆ ಕರಾರು ಕಳೆದ ವರ್ಷ ಜುಲೈ 31ಕ್ಕೆ ಮುಗಿಯುವುದಿತ್ತು, ಅದನ್ನು ನವೀಕರಿಸುವುದು ಬೇಡವೆಂದು ಆಡಳಿತ ಮಂಡಳಿ ಏಪ್ರಿಲ್ ತಿಂಗಳಲ್ಲಿ ತೀರ್ಮಾನಿಸಿತು. ಆಡಳಿತ ವಿಭಾಗದ ಹೊಣೆ ಹೊತ್ತಿರುವ ನನಗೆ ಬಂದ ಸೂಚನೆ ಎರಡೇ ಸಾಲಿನದು: ಒಟ್ಟು 164 ಮಂದಿಯೂ ಇನ್ನು ಮುಂದೆ ಎರಡು ಮಹಡಿಗಳಲ್ಲೇ ಕುಳಿತುಕೊಳ್ಳಬೇಕು, ಒಂದು ದಿನದ ಕೆಲಸವೂ ನಿಲ್ಲಬಾರದು. ಐದನೆಯ ಮಹಡಿಯಲ್ಲಿದ್ದವರು 46 ಮಂದಿ ಮಾತ್ರ. ಆದರೆ ಅವರಿಗೆ ಜಾಗವಾಗಬೇಕಾದರೆ ನಾಲ್ಕನೆಯ ಮಹಡಿಯವರು ಸರಿಯಬೇಕು, ನಾಲ್ಕನೆಯವರು ಸರಿಯಬೇಕಾದರೆ ಮೂರನೆಯ ಮಹಡಿಯಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಕುಳಿತ ಒಂದೇ ವಿಭಾಗದವರು ಒಟ್ಟಾಗಬೇಕು. ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಎಣಿಸಿದಾಗ ಜಾಗ ಬದಲಿಸಬೇಕಾದವರ ಸಂಖ್ಯೆ 118ಕ್ಕೆ ಬಂದು ನಿಂತಿತು.

ಈ ಕೆಲಸಕ್ಕಾಗಿ ನಾವು ಗೊತ್ತು ಮಾಡಿಕೊಂಡದ್ದು ಮಂಗಳೂರಿನದೇ ಒಂದು ಚಿಕ್ಕ ಸಂಸ್ಥೆಯನ್ನು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರಿಂದಾದ ಒಂದು ದೊಡ್ಡ ತಪ್ಪನ್ನೂ ವಿವರವಾಗಿ ಹೇಳುವುದಿದೆ, ಆ ತಪ್ಪನ್ನು ಅವರು ಒಪ್ಪಿಕೊಂಡು ಸರಿಪಡಿಸಿಯೂ ಆಗಿದೆ, ಹಾಗಾಗಿ ಹೆಸರಿಗೆ ಕಳಂಕ ತರುವುದು ನ್ಯಾಯವೆನಿಸಲಿಲ್ಲ. ಇಂಥ ಸೇವೆಯನ್ನು ಹುಡುಕುತ್ತಿರುವ ಮಂಗಳೂರು, ಉಡುಪಿ, ಮಣಿಪಾಲದ ಕಚೇರಿಗಳವರಿಗೆ ಏನನ್ನು ನೋಡಿ ಆರಿಸಬೇಕೆಂಬುದು ತಿಳಿದರೆ ನನ್ನ ಬರಹದ ಉದ್ದೇಶ ಈಡೇರಿದಂತೆ.

ಮೂರು ಕಡೆಯಿಂದ ದರಪಟ್ಟಿ ತರಿಸಿದ್ದೆವು. ಮೊದಲಿನ ಇಬ್ಬರು ಫೋನಿನಲ್ಲೇ ಕೇಳಿದ ಪ್ರಶ್ನೆಗಳು ಒಂದೇ ಬಗೆಯವು: ಎಷ್ಟು ಮೇಜು, ಎಷ್ಟು ಕಪಾಟು, ಲಿಫ್ಟ್ ಇದೆಯೇ, ಎಷ್ಟು ಜನ ಕೂಲಿಯಾಳುಗಳು ಬೇಕು. ಅವರಲ್ಲಿ ಒಬ್ಬರು 1,40,000 ರೂಪಾಯಿಗೆ ಒಪ್ಪಿದ್ದರು. ಮೂರನೆಯವರು ಫೋನಿನಲ್ಲಿ ದರ ಹೇಳಲೇ ಇಲ್ಲ. ಅವರ ಸಂಯೋಜಕಿ ಕಚೇರಿಗೆ ಬಂದು, ಮೂರೂ ಮಹಡಿಗಳನ್ನು ಒಂದು ಸುತ್ತು ಹಾಕಿ, ಕುಳಿತ ಮೇಲೆ ಕೇಳಿದ ಮೊದಲ ಪ್ರಶ್ನೆ, "ನಿಮ್ಮಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತರೆ ಕೆಲಸ ಸುಲಭವಾಗುತ್ತದೆ, ಯಾರು ಯಾರ ಪಕ್ಕ ಕುಳಿತುಕೊಳ್ಳಲೇಬಾರದು?" ಎಂಬುದಾಗಿತ್ತು. ಸಂಬಳ ಪಟ್ಟಿ ಮಾಡುವವರ ಪರದೆಯು ದಾರಿಹೋಕರ ಕಣ್ಣಿಗೆ ಬೀಳಬಾರದು, ಗ್ರಾಹಕರೊಂದಿಗೆ ದಿನವಿಡೀ ಫೋನಿನಲ್ಲಿ ಮಾತನಾಡುವವರ ಪಕ್ಕದಲ್ಲಿ ಲೆಕ್ಕ ತಾಳೆ ನೋಡುವವರನ್ನು ಕೂರಿಸಬಾರದು, ಆಂತರಿಕ ಲೆಕ್ಕಪರಿಶೋಧಕರು ತಾವು ಪರಿಶೀಲಿಸಬೇಕಾದ ವಿಭಾಗದ ನಡುವೆ ಕೂರುವುದು ಸರಿಯಲ್ಲ ಎಂಬ ಸಂಗತಿಗಳನ್ನು ನಾವು ಹೇಳುವ ಮೊದಲೇ ಅವರು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದರು. ಅವರ ದರ 2,85,000 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ. ಅಗ್ಗದ ದರಕ್ಕಿಂತ ಇಮ್ಮಡಿ. ಆ ಪ್ರಶ್ನೆ ಕೇಳಿದ್ದರಿಂದಲೇ ನಾನು ಅವರನ್ನು ಆರಿಸುವಂತೆ ಶಿಫಾರಸು ಮಾಡಿದೆ.

ಮಂಗಳೂರಿನವರಿಗೆ ಕಚೇರಿ ಬದಲಾಗುವುದೆಂದರೆ ಏನೆಂದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ, ಅದರ ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಮತ್ತು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಅದರ ನಂತರ ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಒಬ್ಬರಲ್ಲ ಒಬ್ಬರ ಮೇಜು, ಊರು, ಮೇಲಧಿಕಾರಿ ಎಲ್ಲವೂ ಬದಲಾಗಿವೆ. ಈ ಸಂಯೋಜಕಿಯೂ ಆ ವರ್ಷಗಳಲ್ಲಿ ಎರಡು ಶಾಖೆಗಳನ್ನು ಒಂದಾಗಿಸುವ ಕೆಲಸಗಳಲ್ಲಿ ಪಳಗಿದವರಂತೆ. ಕುರ್ಚಿ ಬದಲಾಗುವಾಗ ಮನುಷ್ಯನಿಗೆ ಆಗುವ ಕಸಿವಿಸಿಯನ್ನು ಅವರು ಸಣ್ಣದೆಂದು ಎಣಿಸಲಿಲ್ಲ ಎಂಬುದು ಮುಂದಿನ ಮೂರು ತಿಂಗಳಲ್ಲಿ ನನಗೆ ಮತ್ತೆ ಮತ್ತೆ ಅನುಭವಕ್ಕೆ ಬಂತು.

ಅವರ ಸೇವೆಯ ಜೀವಾಳ ಒಂದು ಪಟ್ಟಿ. ಎಕ್ಸೆಲ್‌ನಲ್ಲಿ ಮಾಡಿದ ಸಾದಾ ಪಟ್ಟಿ, ಯಾವ ವಿಶೇಷ ತಂತ್ರಾಂಶವೂ ಇಲ್ಲ. ಪ್ರತಿಯೊಬ್ಬ ನೌಕರನಿಗೂ ಒಂದು ಸಾಲು. ಅದರಲ್ಲಿ ಈಗಿನ ಆಸನದ ಸಂಖ್ಯೆ, ಮುಂದಿನ ಆಸನದ ಸಂಖ್ಯೆ, ಸ್ಥಳಾಂತರದ ದಿನ, ಕ್ರೇಟುಗಳ ಸಂಖ್ಯೆ, ಒಂದು ಮಾನಿಟರೋ ಎರಡೋ, ಕುರ್ಚಿ ತನ್ನದೇ ಬೇಕೋ ಯಾವುದಾದರೂ ಆದೀತೋ, ಫೋನಿನ ಎಕ್ಸ್‌ಟೆನ್ಷನ್, ನೆಟ್‌ವರ್ಕ್ ಪೋರ್ಟ್ (ಕಂಪ್ಯೂಟರಿನ ಕೇಬಲ್ ಚುಚ್ಚುವ ಗೋಡೆಯ ಕಿಂಡಿ), ಬೀಗದ ಕೈ ಯಾರ ಬಳಿ ಇದೆ, ಆ ದಿನ ರಜೆಯಲ್ಲಿದ್ದರೆ ಅವರ ಸಾಮಾನು ಕಟ್ಟುವವರು ಯಾರು ಎಂಬುದರವರೆಗೆ ಎಲ್ಲ ವಿವರಗಳಿದ್ದವು. ನಾವು ಒಳಗಿಂದೊಳಗೆ ಮಾಡಿಕೊಂಡಿದ್ದ ಪಟ್ಟಿಯಲ್ಲಿ ಇದ್ದದ್ದು ಹೆಸರು ಮತ್ತು ವಿಭಾಗ ಮಾತ್ರ. ಮಾನವ ಸಂಪನ್ಮೂಲ ವಿಭಾಗದ ದಾಖಲೆಯಲ್ಲಿ ಒಂದು ಹೆಸರು, ಆಸನದ ಮೇಲೆ ಅಂಟಿಸಿದ ಚೀಟಿಯಲ್ಲಿ ಇನ್ನೊಂದು, ಐಟಿ ವಿಭಾಗದ ದಾಖಲೆಯಲ್ಲಿ ಕೆಲಸ ಬಿಟ್ಟುಹೋದವರ ಹೆಸರು ಇದ್ದ ಉದಾಹರಣೆಗಳೇ ಹದಿನಾಲ್ಕು ಸಿಕ್ಕಿದವು. ಸಂಯೋಜಕಿ ಮತ್ತು ಅವರ ಸಹಾಯಕ ಮೂರು ದಿನ ಮಹಡಿಯಿಂದ ಮಹಡಿಗೆ ಓಡಾಡಿ, ಪ್ರತಿ ಮೇಜಿನ ಎದುರು ನಿಂತು, ಕುಳಿತವರನ್ನೇ ಕೇಳಿ ಆ ಪಟ್ಟಿಯನ್ನು ತುಂಬಿದರು. ಮೊದಲ ದಿನ ಸಿಗದೇ ಇದ್ದವರನ್ನು ಹುಡುಕಿಕೊಂಡು ಮರುದಿನ ಬಂದರು.

ಪಟ್ಟಿಗೆ ಅವರು ವಿಧಿಸಿದ ನಿಯಮ ಕಠಿಣವಾಗಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಅವರ ಸೇವೆಯ ಅತ್ಯುತ್ತಮ ಗುಣ. ಸ್ಥಳಾಂತರವನ್ನು ಮೂರು ಶನಿವಾರಗಳ ಮೂರು ಹಂತಗಳಾಗಿ ಹಂಚಿದ್ದರು. ಪ್ರತಿ ಶನಿವಾರದ ಹಿಂದಿನ ಮಂಗಳವಾರ ಸಂಜೆ ಐದು ಗಂಟೆಗೆ ಪಟ್ಟಿಗೆ ಬೀಗ. ಆಮೇಲೆ ಯಾವ ವಿಭಾಗದ ಮುಖ್ಯಸ್ಥರು ಹೇಳಿದರೂ ಬದಲಾವಣೆ ಇಲ್ಲ. ಬದಲಾಯಿಸಲೇಬೇಕೆಂದರೆ ಸ್ಥಳಾಂತರ ಮುಗಿದು ಒಂದು ವಾರದ ನಂತರ ಪ್ರತ್ಯೇಕವಾಗಿ ನೋಡೋಣ ಎಂಬ ಒಂದೇ ಉತ್ತರ. ಮೊದಲ ಹಂತದಲ್ಲಿ ಇಬ್ಬರು ಮುಖ್ಯಸ್ಥರು ಬುಧವಾರ ಬೆಳಿಗ್ಗೆ ನನಗೆ ಫೋನ್ ಮಾಡಿ ಕಿಟಕಿ ಪಕ್ಕದ ಸೀಟಿಗಾಗಿ ಒತ್ತಾಯಿಸಿದರು. ಆ ನಿಯಮ ನಮ್ಮದಾಗಿದ್ದರೆ ನಾವು ಸಡಿಲಿಸಿಬಿಡುತ್ತಿದ್ದೆವು, ಹೊರಗಿನವರದಾದ್ದರಿಂದ ಅದು ಉಳಿಯಿತು. ಒಂದು ಸೀಟು ಬದಲಾದರೆ ಅದರ ಹಿಂದಿನ ಎರಡು ಮೂರು ಸೀಟುಗಳೂ ಅಲ್ಲಾಡುತ್ತವೆ, ಅಂಟಿಸಿದ ಚೀಟಿಗಳೆಲ್ಲ ಸುಳ್ಳಾಗುತ್ತವೆ ಎಂಬುದನ್ನು ಅವರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಮೂರನೆಯ ಹಂತದ ಹೊತ್ತಿಗೆ ಯಾರೂ ಕೇಳಲು ಬರಲಿಲ್ಲ.

ಜನರನ್ನು ಎರಡು ಮಹಡಿಗೆ ಒತ್ತಿ ಕೂರಿಸಬಹುದೇ ಎಂಬ ಪ್ರಶ್ನೆಯನ್ನು ನಾವು ಕೇಳಿರಲೇ ಇಲ್ಲ, ಅವರೇ ಎತ್ತಿದರು. ತುರ್ತು ಸಂದರ್ಭದಲ್ಲಿ ಹೊರಬರುವ ದಾರಿಗಳ ಲೆಕ್ಕಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯು ಕಚೇರಿ ಕಟ್ಟಡದಲ್ಲಿ ಒಬ್ಬರಿಗೆ 10 ಚದರ ಮೀಟರ್ ಎಂದು ಹಿಡಿಯುತ್ತದೆ. ನಮ್ಮ ಒಂದೊಂದು ಮಹಡಿ 9,200 ಚದರ ಅಡಿ, ಅಂದರೆ ಸುಮಾರು 855 ಚದರ ಮೀಟರ್. ಆ ಲೆಕ್ಕದಲ್ಲಿ ಒಂದು ಮಹಡಿಗೆ 85 ಮಂದಿ. ನಮಗೆ ಬೇಕಾದದ್ದು 82. ಅಷ್ಟರಲ್ಲೇ ಹಿಡಿಯಿತು. ಆದರೆ ನಾಲ್ಕನೆಯ ಮಹಡಿಯ ಹಿಂಬದಿ ಮೆಟ್ಟಿಲಿನ ಬಾಗಿಲ ಎದುರು ನಾವು ವರ್ಷಗಳಿಂದ ಇಟ್ಟುಕೊಂಡಿದ್ದ ಎರಡು ಕಬ್ಬಿಣದ ಕಪಾಟುಗಳನ್ನು ತೆಗೆಸಿದ ಮೇಲೆಯೇ ನಕ್ಷೆಗೆ ಸಹಿ ಹಾಕುವುದಾಗಿ ಸಂಯೋಜಕಿ ಪಟ್ಟು ಹಿಡಿದರು. ಆ ಕಪಾಟುಗಳು ಅಲ್ಲಿರುವುದನ್ನು ನಾವೆಲ್ಲರೂ ದಿನವೂ ನೋಡುತ್ತಿದ್ದೆವು, ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಇನ್ನೊಂದು ಸಂದರ್ಭವನ್ನು ಹತ್ತಿರದಿಂದ ಕಂಡವನಾಗಿ ಹೇಳಬೇಕು. ಮೇ ತಿಂಗಳ ಒಂದು ಮಧ್ಯಾಹ್ನ ಸಂಯೋಜಕಿ ಅಳತೆ ಪಟ್ಟಿ ಹಿಡಿದು ಲಿಫ್ಟಿನ ಬಾಗಿಲನ್ನು ಅಳೆದರು, ಒಳಗಿನ ಆಳವನ್ನು ಅಳೆದರು, ಆಮೇಲೆ ಐದನೆಯ ಮಹಡಿಯ ಸಭಾ ಕೊಠಡಿಯ ಮೇಜನ್ನು ಅಳೆದು ಸುಮ್ಮನೆ ತಲೆಯಾಡಿಸಿದರು. ಮೇಜು ಲಿಫ್ಟಿನೊಳಗೆ ಹೋಗುವಂತಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಎರಡು ಬಿದಿರಿನ ಕೋಲುಗಳನ್ನು ಮೇಜಿನ ಅಳತೆಗೆ ಕತ್ತರಿಸಿ ಅಡ್ಡಡ್ಡವಾಗಿ ಕಟ್ಟಿ, ಆ ಚೌಕಟ್ಟನ್ನೇ ಇಬ್ಬರು ಹುಡುಗರಿಂದ ತಿರುಗಿಸಿ ನೋಡಿದರು. ಗೋಡೆಗೆ ಕೋಲಿನ ತುದಿ ತಾಗಿತು. ಮೇಜನ್ನು ಬಿಚ್ಚಿಯೇ ಇಳಿಸಬೇಕೆಂಬುದು ಹೀಗೆ ಎರಡು ತಿಂಗಳು ಮುಂಚೆಯೇ ತಿಳಿದುದರಿಂದ ಬಡಗಿಯನ್ನು ಗೊತ್ತು ಮಾಡಲು ಸಮಯ ಸಿಕ್ಕಿತು. ಲಿಫ್ಟಿನ ಫಲಕದಲ್ಲಿ ಎಂಟು ಜನ, 544 ಕೆ.ಜಿ. ಎಂದಿತ್ತು. ಕಡತ ತುಂಬಿದ ಒಂದು ಕ್ರೇಟನ್ನು ತೂಕಕ್ಕಿಟ್ಟಾಗ 28 ಕೆ.ಜಿ. ಬಂತು. ಒಂದು ಸುತ್ತಿಗೆ ಹನ್ನೆರಡು ಕ್ರೇಟು ಮತ್ತು ಇಬ್ಬರು ಆಳುಗಳು, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದು ಬರೆದು ಲಿಫ್ಟಿನೊಳಗೆ ಅಂಟಿಸಿದರು. ಮೂರು ಶನಿವಾರಗಳಲ್ಲಿ ಲಿಫ್ಟ್ ಒಮ್ಮೆಯೂ ಕೈಕೊಡಲಿಲ್ಲ.

ಕರಾರಿನ ಗಡುವು ಆಟಿ ತಿಂಗಳ ನಡುವೆ ಬಿದ್ದಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ತುಳುನಾಡಿನಲ್ಲಿ ಮದುವೆ, ಗೃಹಪ್ರವೇಶಗಳು ನಡೆಯುವುದಿಲ್ಲ. ಹೊಸ ಜಾಗಕ್ಕೆ ಕಾಲಿಡುವುದೂ ಬೇಡವೆಂಬ ಭಾವನೆ ನಮ್ಮ ಕಚೇರಿಯ ಹಲವರಲ್ಲಿ ಗಾಢವಾಗಿತ್ತು. ಕಾಸರಗೋಡು, ಪುತ್ತೂರು ಕಡೆಯಿಂದ ಬರುವ ಹಿರಿಯ ಸಹೋದ್ಯೋಗಿಗಳು ನೇರವಾಗಿಯೇ ನನ್ನಲ್ಲಿ ಬಂದು ಹೇಳಿದರು. ಅವರನ್ನು ಮೂಢನಂಬಿಕೆಯವರೆಂದು ತಳ್ಳಿಹಾಕಿ ಸ್ಥಳಾಂತರ ಮಾಡಬಹುದಿತ್ತು. ಆದರೆ ಮನಸ್ಸಿಲ್ಲದೆ ಕುಳಿತ ಜಾಗದಲ್ಲಿ ಜನ ತಿಂಗಳುಗಟ್ಟಲೆ ಮುಖ ಸಣ್ಣದು ಮಾಡಿಕೊಂಡಿರುತ್ತಾರೆ. ಸಂಯೋಜಕಿ ಒಂದು ದಾರಿ ಸೂಚಿಸಿದರು. ಆಟಿ ಹುಟ್ಟುವ ಮೊದಲೇ, ಜುಲೈ ಮೊದಲ ವಾರದ ಒಂದು ಒಳ್ಳೆಯ ದಿನ, ಮೂರು ಮತ್ತು ನಾಲ್ಕನೆಯ ಮಹಡಿಗಳಲ್ಲಿ ಆಯಾ ವಿಭಾಗದ ಹೊಸ ಜಾಗಕ್ಕೆ ಒಂದೊಂದು ಮೇಜನ್ನು ತಂದಿಟ್ಟು, ಸಣ್ಣ ಗಣಪತಿ ಪೂಜೆ ಮಾಡಿ, ಆ ಮೇಜುಗಳಲ್ಲಿ ಒಬ್ಬೊಬ್ಬರು ಅರ್ಧ ಗಂಟೆ ಕೆಲಸ ಮಾಡಿದರು. ಅಲ್ಲಿಗೆ ಪ್ರವೇಶವಾಯಿತು, ಆಮೇಲೆ ನಡೆದದ್ದು ಸಾಮಾನು ಸಾಗಿಸುವ ಕೆಲಸ ಮಾತ್ರ. ಮೊದಲ ಹಂತವೂ ಅದೇ ವಾರದ ಶನಿವಾರ ಮುಗಿಯಿತು. ಹೊರ ರಾಜ್ಯದ ದೊಡ್ಡ ಕಂಪನಿಯೊಂದರ ಕೈಪಿಡಿಯಲ್ಲಿ ಇಂಥ ಉಪಾಯ ಸಿಗುವುದಿಲ್ಲ, ಈ ನೆಲದಲ್ಲಿ ಹುಟ್ಟಿ ಬೆಳೆದವರಿಗಷ್ಟೇ ಹೊಳೆಯುತ್ತದೆ.

ಮಳೆಯ ವಿಷಯದಲ್ಲೂ ಅವರು ಊರು ಬಲ್ಲವರು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ, ಅದರಲ್ಲೂ ಜುಲೈ ತಿಂಗಳಲ್ಲಿ ಆಕಾಶ ಬಿಡುವು ಕೊಡದ ಊರಿನಲ್ಲಿ ರಟ್ಟಿನ ಪೆಟ್ಟಿಗೆ ನಂಬಿಕೆಗೆ ಅರ್ಹವಲ್ಲ. ಸ್ಥಳಾಂತರ ಕಟ್ಟಡದ ಒಳಗೇ ನಡೆದರೂ ಹವೆಯ ತೇವಕ್ಕೆ ಎರಡೇ ದಿನದಲ್ಲಿ ರಟ್ಟು ಮೆತ್ತಗಾಗಿ ತಳ ಜಗ್ಗುತ್ತದೆ, ಅಂಟುಪಟ್ಟಿ ಸುಲಿದು ಬರುತ್ತದೆ. ಅವರು ತಂದದ್ದು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಕ್ರೇಟುಗಳನ್ನು. ಕೆಲಸ ಮುಗಿದ ಮೇಲೆ ಅವನ್ನು ಅವರೇ ಹಿಂದಕ್ಕೆ ಒಯ್ದರು. ಚೀಟಿಗಳನ್ನು ಕಾಗದದಲ್ಲಿ ಬರೆಯದೆ ಪ್ಲಾಸ್ಟಿಕ್ ಲೇಬಲ್‌ಗಳಲ್ಲಿ ಮುದ್ರಿಸಿದ್ದರು. ಮೂರನೆಯ ಮಹಡಿಗೆ ಹೋಗುವುದಕ್ಕೆ ಹಸಿರು, ನಾಲ್ಕನೆಯದಕ್ಕೆ ಹಳದಿ, ಬೈಕಂಪಾಡಿಯ ಗೋದಾಮಿಗೆ ಹೋಗುವುದಕ್ಕೆ ಕೆಂಪು. ಓದಲು ಬಾರದ ಆಳೂ ಬಣ್ಣ ನೋಡಿ ಸರಿಯಾದ ಮಹಡಿಯಲ್ಲಿ ಇಳಿಸುತ್ತಿದ್ದ. ಲೇಬಲ್ ಕ್ರೇಟಿನ ಮುಚ್ಚಳದ ಮೇಲಿರದೆ ಬದಿಯಲ್ಲಿರಬೇಕೆಂದು ಅವರು ಪ್ರತಿಯೊಬ್ಬರಿಗೂ ಹೇಳಿಕೊಟ್ಟರು. ಒಂದರ ಮೇಲೊಂದು ಪೇರಿಸಿದಾಗ ಮುಚ್ಚಳ ಕಾಣುವುದಿಲ್ಲ, ಬದಿ ಕಾಣುತ್ತದೆ.

ಕಡತಗಳ ವಿಷಯದಲ್ಲಿ ಅವರ ಸಲಹೆ ಚಿಕ್ಕದು, ಆದರೆ ನಮಗೆ ಬಹಳ ಉಳಿತಾಯ ಮಾಡಿಕೊಟ್ಟಿತು. ಸಾಗಿಸುವ ಮೊದಲು ತೆಗೆಯಬೇಕಾದ್ದನ್ನು ತೆಗೆಯಿರಿ ಎಂದರು. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷ ಕಾಪಾಡಬೇಕು. ನಮ್ಮ ಐದನೆಯ ಮಹಡಿಯ ಕಪಾಟುಗಳಲ್ಲಿ ಅದಕ್ಕಿಂತ ಹಳೆಯ ರಸೀದಿ ಕಟ್ಟುಗಳೇ ಅರ್ಧದಷ್ಟಿದ್ದವು. ನಮ್ಮ ಲೆಕ್ಕಪರಿಶೋಧಕರ ಲಿಖಿತ ಒಪ್ಪಿಗೆ ಪಡೆದು ಅವನ್ನು ಯಂತ್ರದಲ್ಲಿ ಚೂರು ಮಾಡಿಸಿದೆವು. ಕೆಟ್ಟು ಮೂಲೆ ಸೇರಿದ್ದ 31 ಹಳೆಯ ಮಾನಿಟರುಗಳು ಮತ್ತು ಯುಪಿಎಸ್‌ಗಳನ್ನು ಗುಜರಿಗೆ ಕೊಡುವಂತಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ಆ ವ್ಯವಸ್ಥೆಯನ್ನು ಅವರು ಮಾಡಲಿಲ್ಲ, ಮಾಡುವುದಿಲ್ಲವೆಂದು ಮೊದಲೇ ಹೇಳಿದ್ದರು, ಹಾಗಾಗಿ ಅದು ದೂರಲ್ಲ.

ಎರಡನೆಯ ಹಂತದ ಶನಿವಾರವನ್ನು ನಾನು ಮರೆಯಲಾರೆ. ಹೊರಗೆ ಬೆಳಗಿನಿಂದ ಮಳೆ, ಮಧ್ಯಾಹ್ನ ಎರಡು ಗಂಟೆಗೇ ದೀಪ ಹಚ್ಚಬೇಕಾದ ಕತ್ತಲೆ. ಮೂರನೆಯ ಮಹಡಿಯ ತರಬೇತಿ ಸಭಾಂಗಣವನ್ನು ಅವರು ಮೂರು ವಾರಗಳ ಮಟ್ಟಿಗೆ ತಂಗುದಾಣವಾಗಿ ಮಾಡಿಕೊಂಡಿದ್ದರು: ಇಪ್ಪತ್ತು ಜನ ಅಲ್ಲಿಗೆ ಬಂದು ಕೂರುವುದು, ಅವರು ಬಿಟ್ಟ ಜಾಗಕ್ಕೆ ಇನ್ನೊಂದು ತಂಡ, ಅದು ಬಿಟ್ಟ ಜಾಗಕ್ಕೆ ಮತ್ತೊಂದು, ಕೊನೆಗೆ ಸಭಾಂಗಣದವರಿಗೆ ಅವರ ಖಾಯಂ ಜಾಗ. ಈ ಕೊಂಡಿಗಳು ಎಲ್ಲೂ ತಪ್ಪದಂತೆ ಪ್ರತಿ ತಂಡಕ್ಕೆ ಒಂದು ಗಂಟೆಯ ಸಮಯ ನಿಗದಿಯಾಗಿತ್ತು. ಶುಕ್ರವಾರ ಸಂಜೆ ಪ್ರತಿಯೊಬ್ಬರಿಗೂ ಒಂದು ಪಾರದರ್ಶಕ ಜಿಪ್ ಚೀಲ ಕೊಟ್ಟು, ಮೇಜಿನ ಮೇಲಿನ ಸಣ್ಣ ವಸ್ತುಗಳನ್ನು ಅದರಲ್ಲಿ ಹಾಕಿ ಹೆಸರು ಬರೆಯಬೇಕೆಂದಿದ್ದರು. ಸಂಬಳ ವಿಭಾಗದ ನಮ್ಮ ಸಹೋದ್ಯೋಗಿಯೊಬ್ಬರು ಆ ದಿನ ರಜೆ. ಅವರ ಮಾನಿಟರಿನ ಕೆಳಅಂಚಿಗೆ ಕಟೀಲು ದೇವಿಯ ಸಣ್ಣದೊಂದು ಚಿತ್ರ ಅಂಟಿಕೊಂಡಿತ್ತು, ಪಕ್ಕದಲ್ಲಿ ಮಗಳು ಬಿಡಿಸಿದ ಮೀನಿನ ಚಿತ್ರ. ಸಂಯೋಜಕಿಯ ಸಹಾಯಕ ಮೊದಲು ಆ ಮೇಜಿನ ಫೋಟೋ ತೆಗೆದ, ಚಿತ್ರಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಚೀಲಕ್ಕೆ ಹಾಕಿದ, ಡ್ರಾಯರನ್ನು ಹಾಗೆಯೇ ಎತ್ತಿ ಕ್ರೇಟಿನೊಳಗಿಟ್ಟ. ನಾಲ್ಕನೆಯ ಮಹಡಿಯಲ್ಲಿ ಆ ಫೋಟೋವನ್ನು ಮುಂದಿಟ್ಟುಕೊಂಡು ಪೆನ್ನಿನ ಲೋಟ ಯಾವ ಬದಿಗೆ ಇತ್ತೋ ಆ ಬದಿಗೇ ಇಟ್ಟ. ಸೋಮವಾರ ಬೆಳಿಗ್ಗೆ ಆಕೆ ಬಂದು, ಡ್ರಾಯರ್ ತೆರೆದು, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಯಾರೂ ಮುಟ್ಟಿದ ಹಾಗೇ ಇಲ್ಲವಲ್ಲ" ಎಂದರು. ನಾನು ಆ ದಿನದವರೆಗೆ ಕಂಡ ಯಾವ ಸಾಗಣೆಯವರೂ ಈ ತೆರನ ಕಾಳಜಿ ತೋರಿದವರಲ್ಲ.

ಇನ್ನು ತಪ್ಪಿನ ವಿಷಯ. ಅದೇ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾಲ್ಕನೆಯ ಮಹಡಿಯ ಪಶ್ಚಿಮ ಭಾಗದ ಹನ್ನೊಂದು ಆಸನಗಳಲ್ಲಿ ನೆಟ್‌ವರ್ಕ್ ಇರಲಿಲ್ಲ. ಕಂಪ್ಯೂಟರುಗಳು ಜಾಗಕ್ಕೆ ಬಂದಿದ್ದವು, ಕೇಬಲ್‌ಗಳು ಗೋಡೆಯ ಪೋರ್ಟಿಗೆ ಚುಚ್ಚಿಯೂ ಇದ್ದವು, ಆದರೆ ಆ ಪೋರ್ಟುಗಳು ಸರ್ವರ್ ಕೋಣೆಯ ಪ್ಯಾಚ್ ಪ್ಯಾನಲ್‌ನಲ್ಲಿ, ಅಂದರೆ ಗೋಡೆಯ ತಂತಿಗಳೆಲ್ಲ ಬಂದು ಸೇರುವ ಫಲಕದಲ್ಲಿ, ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಸೇರಿಯೇ ಇರಲಿಲ್ಲ. ಗೋಡೆಯ ಮೇಲಿನ ಸಂಖ್ಯೆಗೂ ಪ್ಯಾನಲ್‌ನ ಸಂಖ್ಯೆಗೂ ಹೊಂದಾಣಿಕೆ ಇರಲಿಲ್ಲ. ಯಾವುದೋ ಕಾಲದ ದುರಸ್ತಿಯಲ್ಲಿ ಗೋಡೆಯ ಸಂಖ್ಯೆಗಳನ್ನು ಬದಲಿಸಿದವರು ಪ್ಯಾನಲ್ ಕಡೆ ಬದಲಿಸಿರಲಿಲ್ಲ. ಸಂಯೋಜಕಿಯ ತಂಡ ನಮ್ಮ ಐಟಿ ವಿಭಾಗ ಕೊಟ್ಟ ಹಳೆಯ ನಕ್ಷೆಯಲ್ಲಿದ್ದ ಸಂಖ್ಯೆಗಳನ್ನು ಹಾಗೆಯೇ ಪಟ್ಟಿಗೆ ಇಳಿಸಿತ್ತು. ಮನುಷ್ಯರನ್ನು ಎದುರು ನಿಂತು ಕೇಳಿ ತುಂಬಿದ ಅದೇ ಪಟ್ಟಿಯಲ್ಲಿ ಪೋರ್ಟಿನ ಕಾಲಮ್ಮನ್ನು ಮಾತ್ರ ಕಾಗದ ನೋಡಿ ತುಂಬಿದ್ದರು. ಕೇಬಲ್ ಟೆಸ್ಟರ್ ಹಿಡಿದು ಒಂದೊಂದೇ ಪೋರ್ಟನ್ನು ಪರೀಕ್ಷಿಸಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಹನ್ನೊಂದು ಮಂದಿ ಮಧ್ಯಾಹ್ನ ಒಂದು ಗಂಟೆಯವರೆಗೆ ಸುಮ್ಮನೆ ಕೂರಬೇಕಾಯಿತು, ಅವರಲ್ಲಿ ನಾಲ್ವರು ತಿಂಗಳ ಕೊನೆಯ ಲೆಕ್ಕ ಕಳಿಸಬೇಕಾದವರು. ಒಂದು ದಿನದ ಕೆಲಸವೂ ನಿಲ್ಲಬಾರದೆಂಬ ಷರತ್ತು ಅಲ್ಲಿ ಮುರಿಯಿತು.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪುತ್ತೇನೆ, ಹಳೆಯ ನಕ್ಷೆ ಕೊಟ್ಟದ್ದು ನಮ್ಮವರೇ. ಆದರೂ ಸಂಯೋಜನೆಗೆಂದೇ ಹಣ ಪಡೆದವರು ಪರೀಕ್ಷಿಸದ ಮಾಹಿತಿಯನ್ನು ಪಟ್ಟಿಗೆ ಸೇರಿಸಬಾರದಿತ್ತು. ಸಂಯೋಜಕಿ ಬೆಳಿಗ್ಗೆ ಹತ್ತಕ್ಕೇ ಬಂದು ನಮ್ಮ ಐಟಿಯವರ ಜೊತೆ ಸರ್ವರ್ ಕೋಣೆಯಲ್ಲಿ ನಿಂತು ಒಂದೊಂದು ತಂತಿಯನ್ನೂ ಹುಡುಕಿಸಿದರು, ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಅಂತಿಮ ಬಿಲ್ಲಿನಲ್ಲಿ 15,000 ರೂಪಾಯಿಯನ್ನು ನಾವು ಕೇಳದೆಯೇ ಕಡಿಮೆ ಮಾಡಿದರು.

ಇನ್ನೊಂದು ಲೋಪ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆಯಿಂದ ಆದದ್ದು. ಹೆಚ್ಚು ದೂರ ನಡೆಯಲಾಗದ ನಮ್ಮ ಸಹೋದ್ಯೋಗಿಯೊಬ್ಬರಿಗೆ ಹೊಸ ನಕ್ಷೆಯಲ್ಲಿ ಲಿಫ್ಟಿನಿಂದ ಅತಿ ದೂರದ ಮೂಲೆ ಸಿಕ್ಕಿತ್ತು. ಯಾವ ವಸ್ತು ಬೇಕೆಂದು ಕೇಳಿದ ಪಟ್ಟಿಯು ಯಾವ ಅನುಕೂಲ ಬೇಕೆಂದು ಕೇಳಿರಲಿಲ್ಲ. ಅವರೂ ಸಂಕೋಚದಿಂದ ಹೇಳಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಮ್ಮ ನೀತಿಯ ಪ್ರತಿ ಸೂಚನಾ ಫಲಕದ ಮೇಲೇ ಇದೆ, ಸೀಟು ಹಂಚುವಾಗ ಅದನ್ನು ಯಾರೂ ಎದುರಿಗಿಟ್ಟುಕೊಳ್ಳಲಿಲ್ಲ. ಮೊದಲ ಹಂತದ ಪಟ್ಟಿಗೆ ಬೀಗ ಬೀಳುವ ಮುನ್ನಾದಿನ ಆ ಸಹೋದ್ಯೋಗಿಯ ತಂಡದ ಮುಖ್ಯಸ್ಥರ ಕಣ್ಣಿಗೆ ಬಿದ್ದು ಸರಿಯಾಯಿತು. ಅದು ಕಾಕತಾಳೀಯ, ಸೇವೆಯ ಗುಣವಲ್ಲ. ಎರಡನೆಯ ಹಂತದಿಂದ "ನಿಮಗೆ ಹೊಸ ಜಾಗದಲ್ಲಿ ವಿಶೇಷವಾಗಿ ಬೇಕಾದುದೇನಾದರೂ ಇದೆಯೇ? ಗೋಪ್ಯವಾಗಿ ಹೇಳಬಹುದು" ಎಂಬ ಸಾಲನ್ನು ಸಂಯೋಜಕಿ ಪಟ್ಟಿಗೆ ಸೇರಿಸಿದರು. ಆ ಒಂದು ಸಾಲಿಗೆ ಐದು ಮಂದಿ ಉತ್ತರ ಬರೆದರು: ಬೆನ್ನುನೋವಿಗೆ ಕುರ್ಚಿ, ಎಸಿ ಗಾಳಿ ನೇರ ಬೀಳದ ಜಾಗ, ಒಂದು ಕಿವಿ ಕೇಳಿಸದವರಿಗೆ ಸಹೋದ್ಯೋಗಿಗಳು ಬಲಬದಿಗೆ ಬರುವಂಥ ಆಸನ, ಏಳನೆಯ ತಿಂಗಳ ಗರ್ಭಿಣಿಗೆ ಶೌಚಾಲಯಕ್ಕೆ ಹತ್ತಿರದ ಮೇಜು, ಕಣ್ಣಿಗೆ ಕಿಟಕಿಯ ಬೆಳಕು ಎದುರಾಗದಂತಹ ದಿಕ್ಕು. ಯಾವುದೂ ಖರ್ಚಿನ ಬೇಡಿಕೆಯಲ್ಲ. ಐವರಿಗೂ ಕೇಳಿದ್ದು ಸಿಕ್ಕಿತು.

ಹಾನಿಯ ಲೆಕ್ಕ ಹೇಳುವುದಾದರೆ, ಮೂರು ಹಂತಗಳಲ್ಲಿ ಒಂದು ಮಾನಿಟರಿನ ಕಾಲು ಮುರಿಯಿತು, ಒಂದು ಬೀಗದ ಕೈ ಕಳೆದುಹೋಗಿ ನಾಲ್ಕನೆಯ ದಿನ ತಪ್ಪು ಕ್ರೇಟಿನ ತಳದಲ್ಲಿ ಸಿಕ್ಕಿತು. ಸೋಮವಾರಗಳಂದು ಇಬ್ಬರು ಹುಡುಗರು ಹಸಿರು ಜಾಕೆಟ್ ತೊಟ್ಟು ಮಹಡಿಗಳಲ್ಲಿ ಓಡಾಡುತ್ತ, ಕೈ ಎತ್ತಿದವರ ಬಳಿ ಹೋಗಿ ಮೇಜಿನ ಎತ್ತರ ಸರಿಪಡಿಸುವುದು, ಕೇಬಲ್ ಕಟ್ಟುವುದು, ಕಾಣೆಯಾದ ಕ್ರೇಟು ಹುಡುಕುವುದು ಮಾಡುತ್ತಿದ್ದರು. ಕರಾರಿನಲ್ಲಿ ಅದು ಒಂದು ದಿನ ಎಂದಿತ್ತು. ನೆಟ್‌ವರ್ಕ್ ತೊಂದರೆಯಾದ ವಾರ ಅವರು ಮೂರು ದಿನ ಉಳಿದರು. ಜುಲೈ 29ರಂದು ಐದನೆಯ ಮಹಡಿಯನ್ನು ಗುಡಿಸಿ, ಗೋಡೆಯ ಮೊಳೆಗಳನ್ನು ಕಿತ್ತು, ಮಾಲೀಕರಿಗೆ ಕೀಲಿಕೈ ಒಪ್ಪಿಸಿದೆವು.

ಈಗ ತರಬೇತಿ ಸಭಾಂಗಣವನ್ನು ನಾಲ್ಕನೆಯ ಮಹಡಿಗೆ ಏರಿಸಿ, ಅಲ್ಲಿರುವ 22 ಮಂದಿಯನ್ನು ಕೆಳಗೆ ತರುವ ಇನ್ನೊಂದು ಕೆಲಸವಿದೆ. ಅದನ್ನೂ ಇದೇ ಸಂಸ್ಥೆಗೆ ಕೊಟ್ಟಿದ್ದೇವೆ, ನವರಾತ್ರಿಯ ಆಯುಧಪೂಜೆಯ ಹಿಂದಿನ ಶನಿವಾರಕ್ಕೆ ದಿನ ಗೊತ್ತಾಗಿದೆ, ಹಾಗಾದರೆ ಯಂತ್ರಗಳಿಗೆ ಹೂವಿಡುವುದು ಹೊಸ ಜಾಗದಲ್ಲೇ ಆಗುತ್ತದೆ. ಈ ಬಾರಿಯ ಕರಾರಿಗೆ ಎರಡು ಷರತ್ತುಗಳನ್ನು ಸೇರಿಸಿದ್ದೇವೆ. ವಿಶೇಷ ಅನುಕೂಲದ ಪ್ರಶ್ನೆ ಪಟ್ಟಿಯ ಮೊದಲ ಕಾಲಮ್ಮಾಗಿರಬೇಕು. ಮತ್ತು ಶನಿವಾರಕ್ಕೆ ಎರಡು ದಿನ ಮುಂಚೆ, ಅವರ ಕಡೆಯವರೊಬ್ಬರು ಮತ್ತು ನಮ್ಮವರೊಬ್ಬರು ಟೆಸ್ಟರ್ ಹಿಡಿದು 22 ಪೋರ್ಟುಗಳನ್ನೂ ಪರೀಕ್ಷಿಸಿ ಒಂದೇ ಹಾಳೆಯ ಮೇಲೆ ಸಹಿ ಹಾಕಬೇಕು. ಸಂಯೋಜಕಿ ಎರಡನ್ನೂ ಒಪ್ಪಿ, ಪೋರ್ಟುಗಳ ಪರೀಕ್ಷೆಗೆ ತಾನೇ ಬರುವುದಾಗಿ ಬರೆದು ಕಳಿಸಿದ್ದಾರೆ.